ಹೊಟ್ಟೆ ಮುಟ್ಟದ ಡಾಕ್ಟರಿಗೆ ಐದಕ್ಕೆ ಎರಡು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಂಜೆಯೇ ಮೊಬೈಲ್‌ಗೆ ಸಂದೇಶ ಬಂತು. ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಎಂದು. ಐದನ್ನೂ ಒತ್ತಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಇಪ್ಪತ್ತೆರಡು ವರ್ಷದಿಂದ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ದಿನಕ್ಕೆ ಎರಡು ಹೊತ್ತು ಒಬ್ಬೊಬ್ಬರ ಹಾಲನ್ನೂ ಅಳೆದು, ಫ್ಯಾಟ್ ನೋಡಿ, ಡಿಗ್ರಿ ನೋಡಿ ದರ ಹಾಕುವವಳು. ಕಣ್ಣಂದಾಜಿನಲ್ಲಿ ಅಂಕ ಕೊಟ್ಟು ಗೊತ್ತಿಲ್ಲ. ಅದಕ್ಕೇ ತಿಂಗಳುಗಟ್ಟಲೆ ತಡವಾದರೂ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ನಾನು ತಿಪಟೂರಿನ ಕಡೆಯವಳು, ಆಸ್ಪತ್ರೆ ಇರುವುದು ಬೇರೆ ಊರಿನಲ್ಲಿ. ಅಲ್ಲಿ ನನ್ನ ಹೆಸರಿನ ದಪ್ಪನೆಯ ಫೈಲಿದೆ, ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾದವಳು ನಾನು. ಇಷ್ಟು ಹೇಳಿದರೆ ಕಾರಣ ಅರ್ಥವಾಗುತ್ತದೆ.

ಮೊದಲು ಹಿಂದಿನ ಕಥೆ, ಚಿಕ್ಕದಾಗಿ. 2021ರಲ್ಲಿ ನನಗೆ ಹೊಟ್ಟೆ ಉಬ್ಬರ ಶುರುವಾದಾಗ ಆರು ತಿಂಗಳು ಗ್ಯಾಸಿನ ಮಾತ್ರೆ ನುಂಗಿದ್ದೇನೆ. ಗ್ಯಾಸ್ ಎಂದದ್ದು ಊರಿನ ಡಾಕ್ಟರು, ಮೆಡಿಕಲ್ ಅಂಗಡಿಯವರು, ನನ್ನ ಅತ್ತಿಗೆ ಮತ್ತು ಸ್ವತಃ ನಾನು. ಸೀರೆಯ ಒಳಲಂಗದ ಲಾಡಿ ಕಟ್ಟಲು ಸಾಲದಾದಾಗ ಸ್ಕ್ಯಾನ್ ಆಯಿತು. ಹೊಟ್ಟೆಯ ತುಂಬ ನೀರು, ಅಂಡಾಶಯದಲ್ಲಿ ಗಡ್ಡೆ, ಮೂರನೆಯ ಹಂತ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂರು ಕೀಮೋ, 2022ರ ಮಾರ್ಚ್‌ನಲ್ಲಿ ಆಪರೇಷನ್, ಆಮೇಲೆ ಇನ್ನೂ ಮೂರು ಕೀಮೋ. ಗರ್ಭಕೋಶ, ಎರಡೂ ಅಂಡಾಶಯ, ಕರುಳಿನ ಮುಂದೆ ಪರದೆಯ ಹಾಗೆ ಇಳಿಬಿದ್ದಿರುವ ಕೊಬ್ಬಿನ ಪೊರೆ, ಎಲ್ಲ ತೆಗೆದರು. ಹೊಕ್ಕುಳ ಪಕ್ಕದಿಂದ ಕೆಳಗಿನವರೆಗೆ ಉದ್ದದ ಗೆರೆ ಉಳಿಯಿತು, ಪಾದದ ಜೋಮು ಉಳಿಯಿತು, ನಾನೂ ಉಳಿದೆ. ಎರಡು ವರ್ಷದವರೆಗೆ, ಮೂರು ತಿಂಗಳಿಗೊಮ್ಮೆ ತಪಾಸಣೆ. 2024ರ ಜೂನ್‌ನಲ್ಲಿ ‘ಇನ್ನು ಆರು ತಿಂಗಳಿಗೊಮ್ಮೆ ಬನ್ನಿ, ಏನಾದರೂ ಆದರೆ ತಕ್ಷಣ ಬನ್ನಿ’ ಎಂದರು. ಸಂಘದವರಿಗೆಲ್ಲ ಮೈಸೂರುಪಾಕು ಹಂಚಿದೆ.

ಜುಲೈನಲ್ಲಿ, ಆಷಾಢದ ಗಾಳಿಯ ಜೊತೆಗೇ, ಹೊಟ್ಟೆ ಮತ್ತೆ ಉಬ್ಬತೊಡಗಿತು.

‘ತಕ್ಷಣ ಬನ್ನಿ’ ಎಂದಿದ್ದರಲ್ಲ, ರೈಲು ಹತ್ತಿ ನೇರ ಬೆಂಗಳೂರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬೆಳಗ್ಗೆ ಆರಕ್ಕೆ ಹಾಲು, ಸಂಜೆ ಆರಕ್ಕೆ ಹಾಲು, ಶನಿವಾರ ಬಟವಾಡೆ. ನೆಪಗಳಿಗೇನು ಬರವಿಲ್ಲ. ನಿಜವೆಂದರೆ ಕಿದ್ವಾಯಿಯ ಆ ಉದ್ದನೆಯ ಬೆಂಚಿನ ಮೇಲೆ ಮತ್ತೆ ಕೂರುವ ಧೈರ್ಯವಿರಲಿಲ್ಲ. ಹತ್ತಿರದಲ್ಲಿ ಯಾರಾದರೂ ‘ಏನಿಲ್ಲ’ ಎಂದರೆ ಸಾಕಿತ್ತು. ಆ ತಪ್ಪು ನನ್ನದು, ಅದಕ್ಕೆ ಯಾರ ನಕ್ಷತ್ರವನ್ನೂ ಕಳೆಯುವುದಿಲ್ಲ.

ಈಗ ಆಸ್ಪತ್ರೆ. ನೆಲ ಕನ್ನಡಿಯಂತಿದೆ. ಟೋಕನ್ ವ್ಯವಸ್ಥೆ ಚೆನ್ನಾಗಿದೆ, ನಂಬರನ್ನು ಕನ್ನಡದಲ್ಲಿ ಕೂಗುತ್ತಾರೆ. ಕೌಂಟರಿನ ಹುಡುಗಿಯರು ವಯಸ್ಸಾದವರನ್ನು ‘ಅಜ್ಜಿ’ ಎಂದು ಗದರುವುದಿಲ್ಲ. ಶೌಚಾಲಯದಲ್ಲಿ ನೀರು ಬರುತ್ತದೆ. ಸಂದರ್ಶನಕ್ಕೆ 600 ರೂಪಾಯಿ, ಏಳು ದಿನದೊಳಗೆ ಮತ್ತೆ ಬಂದರೆ ಇಲ್ಲ. ಮೊಬೈಲ್‌ನಲ್ಲಿ ಈ ಆಸ್ಪತ್ರೆಯ ಬಗ್ಗೆ ಜನ ಬರೆದಿರುವ ಹೊಗಳಿಕೆಯನ್ನು ಓದಿದ್ದೇನೆ. ಮುಕ್ಕಾಲು ಪಾಲು ನೆಲ ಮತ್ತು ಪಾರ್ಕಿಂಗಿನ ಬಗ್ಗೆಯೇ ಇದೆ. ನೆಲಕ್ಕೆ ನನ್ನದೂ ಐದು.

ದೊಡ್ಡ ಡಾಕ್ಟರ ಕೋಣೆಗೆ ಮೊದಲ ಸಲ ಹೋದದ್ದು ಜುಲೈ ಎರಡನೆಯ ವಾರ. ಜೊತೆಗೆ ನಮ್ಮ ಯಜಮಾನರು. ‘ಏನಮ್ಮಾ ತೊಂದರೆ?’ ಎಂದರು. ‘ಭಯ ಆಗುತ್ತಿದೆ ಸಾರ್’ ಎಂದು ಶುರುಮಾಡಿದೆ. ಆಮೇಲೆ ಗೊತ್ತಾಯಿತು, ಆ ಒಂದು ಪದದಲ್ಲಿ ನನ್ನ ರೋಗವನ್ನು ನಾನೇ ಅವರ ಚೀಟಿಗೆ ಬರೆದುಕೊಟ್ಟಿದ್ದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುತ್ತದೆ, ಆಗಾಗ ಹಿಂಡಿದಂತೆ ನೋವು ಎಂದು ಹೇಳುವಷ್ಟರಲ್ಲಿ ಪೆನ್ನು ಓಡುತ್ತಿತ್ತು. ‘ಗ್ಯಾಸ್ ಅಮ್ಮಾ. ಈ ವಯಸ್ಸಿಗೆ ಸಾಮಾನ್ಯ. ಸೊಪ್ಪು, ತರಕಾರಿ, ಹಣ್ಣು ಜಾಸ್ತಿ ತಿನ್ನಿ. ರಾತ್ರಿ ಮಲಗುವ ಮುಂಚೆ ಇಸಬ್ಗೋಲು.’ ಹೊಟ್ಟೆಯ ಕೆಲಸ ಚುರುಕಾಗಲು ಇನ್ನೊಂದು ಮಾತ್ರೆ. ನಾಲ್ಕು ನಿಮಿಷ. ಕ್ಯಾನ್ಸರಿನ ಫೈಲು ನನ್ನ ತೊಡೆಯ ಮೇಲೆಯೇ ಇತ್ತು.

ಎರಡನೆಯ ಸಲ ಜುಲೈ ಕೊನೆಗೆ ಹೋದಾಗ ಎರಡು ಬಾರಿ ವಾಂತಿಯೂ ಆಗಿತ್ತು. ಈ ಸಲ ನನ್ನನ್ನು ಬಿಟ್ಟು ಯಜಮಾನರ ಜೊತೆ ಮಾತಾಡಿದರು. ‘ಕ್ಯಾನ್ಸರ್ ಬಂದು ಹೋದವರಿಗೆಲ್ಲ ಹೀಗೆ, ಕಾಲು ನೋವು ಬಂದರೂ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಇವರಿಗೆ ಸ್ವಲ್ಪ ಧೈರ್ಯ ಹೇಳಿ.’ ನಮ್ಮವರು ತಲೆಯಾಡಿಸಿದರು. ನಿದ್ದೆಗೊಂದು ಮಾತ್ರೆ ಸೇರಿತು. ಅಂಡಾಶಯದ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ರಕ್ತ ಪರೀಕ್ಷೆ ಮಾಡಿಸಲೇ ಎಂದು ಕೇಳಿದೆ. ‘ಸುಮ್ಮಸುಮ್ಮನೆ ಅದನ್ನು ಮಾಡಿಸುತ್ತಾ ಹೋಗಬಾರದು’ ಎಂದರು.

ಈ ಮಾತಿನಲ್ಲಿ ಸತ್ಯದ ಒಂದು ತುಣುಕು ಇದೆ, ಅದನ್ನು ಮುಚ್ಚಿಟ್ಟರೆ ನನ್ನ ತಕ್ಕಡಿ ತಪ್ಪುತ್ತದೆ. ಮಗಳು ಬೆಂಗಳೂರಿನಲ್ಲಿ ಕಾಲೇಜಿನ ಅಧ್ಯಾಪಕಿ, ಹುಡುಕಿ ಓದಿ ಹೇಳಿದಳು. 2010ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಅಂಡಾಶಯದ ಕ್ಯಾನ್ಸರಿನಿಂದ ಗುಣವಾದ ಹೆಂಗಸರಲ್ಲಿ ಸಿಎ-125ರ ಅಂಕಿ ಏರಿತೆಂಬ ಒಂದೇ ಕಾರಣಕ್ಕೆ ಬೇಗ ಕೀಮೋ ಕೊಟ್ಟವರು, ತೊಂದರೆ ಕಾಣಿಸಿಕೊಳ್ಳುವವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲವಂತೆ. ಅಂದರೆ ಬರಿಯ ಅಂಕಿಯ ಹಿಂದೆ ಓಡಬೇಡಿ ಎಂಬುದು ಸರಿ. ಆದರೆ ನಾನು ಬರಿಯ ಅಂಕಿ ಹಿಡಿದು ಹೋಗಿರಲಿಲ್ಲ, ಉಬ್ಬಿದ ಹೊಟ್ಟೆ ಹೊತ್ತುಕೊಂಡು ಹೋಗಿದ್ದೆ. ತೊಂದರೆ ಬಂದಾಗ ನೋಡೋಣ ಎನ್ನುವವರು, ತೊಂದರೆ ಬಂದಾಗ ನೋಡಬೇಕಲ್ಲವೇ?

ಮೂರನೆಯ ಸಲ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ‘ಮೊಬೈಲ್‌ನಲ್ಲಿ ಓದುವುದನ್ನು ಬಿಡಿ ಅಮ್ಮಾ’ ಎಂದರು. ಇಸಬ್ಗೋಲು ಎರಡು ಚಮಚವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಮೂರು ಸಂದರ್ಶನ, 1,800 ರೂಪಾಯಿ, ಒಟ್ಟು ಹನ್ನೊಂದು ನಿಮಿಷ. ಒಂದೇ ಒಂದು ಸಲವೂ ಅವರು ನನ್ನ ಹೊಟ್ಟೆಯನ್ನು ಮುಟ್ಟಿರಲಿಲ್ಲ. ಕೋಣೆಯಲ್ಲಿ ಮಂಚವಿದೆ, ಅದರ ಮೇಲೆ ಔಷಧ ಕಂಪನಿಗಳ ಕ್ಯಾಲೆಂಡರಿನ ಕಟ್ಟುಗಳಿವೆ.

ನಮ್ಮ ಡೇರಿಗೆ ಯಾರೋ ತಂದ ಹಾಲನ್ನು ಕ್ಯಾನಿನ ಮುಚ್ಚಳ ತೆಗೆಯದೆ ‘ಇದು ನೀರು ಹಾಲು’ ಎಂದರೆ ಆ ಹೆಂಗಸು ನನ್ನ ಜುಟ್ಟು ಹಿಡಿಯುತ್ತಾಳೆ. ಹಿಡಿಯಲೇಬೇಕು. ನಾನು ಡಾಕ್ಟರ ಮುಂದೆ ‘ಆಗಲಿ ಸಾರ್’ ಎಂದು ಎದ್ದು ಬಂದಿದ್ದೆ. ಅದೂ ಮೂರು ಸಲ.

ಅಲ್ಲಿಂದ ಮುಂದಿನ ಮೂವತ್ತು ದಿನ ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಮಾಡಿದೆ. ಲೆಡ್ಜರ್ ಬರೆದೆ. ಹಳೆಯ ಹಾಲಿನ ಪಾಸ್‌ಬುಕ್ಕಿನಲ್ಲಿ ಬೆಳಗ್ಗೆ, ಸಂಜೆ ಎಂದು ಎರಡು ಕಾಲಂ ಇರುತ್ತವಲ್ಲ, ಅದರಲ್ಲೇ. ಲೀಟರ್ ಇದ್ದ ಕಡೆ ಹೊಟ್ಟೆಯ ಸುತ್ತಳತೆ. ರವಿಕೆ ಹೊಲಿಯುವವಳ ಟೇಪು ತಂದು ಹೊಕ್ಕುಳ ಮಟ್ಟಕ್ಕೆ ಹಿಡಿದು ಅಳೆಯುತ್ತಿದ್ದೆ. ಬೆಳಗ್ಗೆ 84 ಸೆಂಟಿಮೀಟರ್, ಕೆಟ್ಟ ದಿನ ಸಂಜೆ 91. ಫ್ಯಾಟ್ ಇದ್ದ ಕಡೆ ಊಟ: ಅರ್ಧ ಮುದ್ದೆ, ಕಾಲು ಮುದ್ದೆ, ಇಲ್ಲ. ದರದ ಕಾಲಮ್ಮಿನಲ್ಲಿ ವಾಂತಿ. ತೂಕಕ್ಕೆ ಪಶು ಆಹಾರದ ಚೀಲ ತೂಗುವ ಎಲೆಕ್ಟ್ರಾನಿಕ್ ಯಂತ್ರವಿತ್ತು, ಅದರ ಮೇಲೆ ವಾರಕ್ಕೊಮ್ಮೆ ನಿಂತೆ. ಜೂನ್‌ನಲ್ಲಿ ಕಿದ್ವಾಯಿಯ ಚೀಟಿಯಲ್ಲಿ 61.2 ಕೆ.ಜಿ. ಇದ್ದದ್ದು ಗೌರಿ ಹಬ್ಬದ ಹೊತ್ತಿಗೆ 56.8. ಹಬ್ಬದ ದಿನ ಒಂದು ಕಡುಬು ತಿಂದು ರಾತ್ರಿಯಿಡೀ ಹಿತ್ತಲಿನಲ್ಲಿ ಕೂತಿದ್ದೆ.

ಬರೆಯುತ್ತಾ ಹೋದ ಹಾಗೆ ನಾನು ಬಾಯಲ್ಲಿ ಹೇಳದೇ ಇದ್ದ ಒಂದು ಸಂಗತಿ ಕಂಡಿತು. ಉಬ್ಬರ ಸುಮ್ಮನೆ ಇರುತ್ತಿರಲಿಲ್ಲ. ಉಂಡು ಒಂದೆರಡು ಗಂಟೆಗೆ ಹೊಟ್ಟೆಯೊಳಗೆ ಗುಡುಗುಡು ಸದ್ದು, ಅಲೆಯಲೆಯಾಗಿ ಹಿಂಡುವ ನೋವು, ಆಮೇಲೆ ಎಷ್ಟೋ ಹೊತ್ತಿಗೆ ಗಾಳಿ ಹೋಗಿ ಭೇದಿಯಾದರೆ ಹೊಟ್ಟೆ ಇಳಿಯುತ್ತಿತ್ತು. ಸೊಪ್ಪಿನ ಸಾರು, ಅವರೆಕಾಳು ತಿಂದ ದಿನ ಜಾಸ್ತಿ. ಇಸಬ್ಗೋಲು ಕುಡಿದ ರಾತ್ರಿ ಇನ್ನೂ ಜಾಸ್ತಿ. ಡಾಕ್ಟರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ, ನನಗೂ ಹೊಳೆದಿರಲಿಲ್ಲ.

ಮಗಳು ಇನ್ನೊಂದು ವಿಷಯ ಹೇಳಿದಳು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾರ್ಬರಾ ಗಾಫ್ ಎಂಬ ವೈದ್ಯೆ ಮತ್ತು ಸಂಗಡಿಗರು 2007ರಲ್ಲಿ ಒಂದು ಅಳತೆಗೋಲು ಮಾಡಿದ್ದಾರೆ. ಹೊಟ್ಟೆ ಅಥವಾ ಕಿಬ್ಬೊಟ್ಟೆ ನೋವು, ಉಬ್ಬರ, ಬೇಗ ಹೊಟ್ಟೆ ತುಂಬುವುದು, ಇವುಗಳಲ್ಲಿ ಯಾವುದಾದರೂ ಹೊಸದಾಗಿ ಬಂದು, ವರ್ಷದೊಳಗಿನದಾಗಿದ್ದು, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಕಾಡಿದರೆ ತಪಾಸಣೆ ಬೇಕು ಎಂದು. ಅದು ಕ್ಯಾನ್ಸರನ್ನು ಮೊದಲ ಸಲ ಹಿಡಿಯಲು ಮಾಡಿದ್ದು, ನನ್ನಂಥ ಹಳೆಯ ಗಿರಾಕಿಗಳಿಗಲ್ಲ. ಆದರೂ ‘ಆಗಾಗ’ ಎಂಬ ಪದದ ಜಾಗದಲ್ಲಿ ಒಂದು ಸಂಖ್ಯೆ ಸಿಕ್ಕಿತು. ಪಾಸ್‌ಬುಕ್ ಎಣಿಸಿದೆ. ಮೂವತ್ತರಲ್ಲಿ ಹತ್ತೊಂಬತ್ತು.

ನಾಲ್ಕನೆಯ ಸಲ ಯಜಮಾನರನ್ನು ಮನೆಯಲ್ಲೇ ಬಿಟ್ಟೆ. ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿಯನ್ನು ಕರೆದುಕೊಂಡು ಹೋದೆ. ಅವಳು ಯಾರಿಗೂ ತಲೆಯಾಡಿಸುವವಳಲ್ಲ. ಒಂದೇ ಒಂದು ಹಾಳೆ ಬರೆದುಕೊಂಡಿದ್ದೆ. ಮೇಲೆ ಆಪರೇಷನ್ ದಿನ, ಏನೇನು ತೆಗೆದರು, ಕೊನೆಯ ಕೀಮೋ ಯಾವಾಗ. ನಡುವೆ ಸಿಎ-125: ಚಿಕಿತ್ಸೆಗೆ ಮುಂಚೆ 1,140, ಆಮೇಲೆ 14, ಜೂನ್‌ನಲ್ಲಿ 11, ಲ್ಯಾಬಿನ ಚೀಟಿಯಲ್ಲಿ 35ರ ಒಳಗಿದ್ದರೆ ಸರಿ ಎಂದಿರುತ್ತದೆ. ಕೆಳಗೆ ಹತ್ತೊಂಬತ್ತು ದಿನ, 4.4 ಕೆ.ಜಿ., ಏಳು ಸೆಂಟಿಮೀಟರ್, ನಾಲ್ಕು ವಾಂತಿ. ಫೈಲನ್ನು ಚೀಲದಿಂದ ತೆಗೆಯಲೇ ಇಲ್ಲ. ದಪ್ಪ ಫೈಲು ನೋಡಿದರೆ ಡಾಕ್ಟರುಗಳ ಕಣ್ಣು ಗಡಿಯಾರದ ಕಡೆ ಹೋಗುತ್ತದೆ.

ಭಯ ಎಂಬ ಪದವನ್ನು ಬಳಸಲಿಲ್ಲ. ‘ಸಾರ್, ಇದು ಕ್ಯಾನ್ಸರೋ ಅಲ್ಲವೋ ಎಂದು ನಾನು ಕೇಳುತ್ತಿಲ್ಲ. ಇಷ್ಟು ದಿನ ಉಬ್ಬರ, ಇಷ್ಟು ತೂಕ ಇಳಿದಿದೆ. ನಿಮ್ಮ ಮಾತ್ರೆ ಎಂಟು ವಾರ ನುಂಗಿದ್ದೇನೆ. ಕಾರಣ ಏನೇನಿರಬಹುದು, ಅದರಲ್ಲಿ ಯಾವುದನ್ನು ಹೇಗೆ ಅಲ್ಲ ಎಂದಿರಿ?’ ಎಂದು ಕೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು, ಆದರೂ ನಾಲಿಗೆ ಒಣಗಿತ್ತು.

‘ಗ್ಯಾಸ್ ಎಂದೆನಲ್ಲಮ್ಮಾ’ ಎಂದರು.

‘ಆಗಲಿ ಸಾರ್. ಹಾಗಾದರೆ ಚೀಟಿಯಲ್ಲಿ ಬರೆದುಕೊಡಿ. ಅಂಡಾಶಯದ ಕ್ಯಾನ್ಸರ್ ಆಗಿದ್ದವರು, 4.4 ಕೆ.ಜಿ. ತೂಕ ಇಳಿದಿದೆ, ಸ್ಕ್ಯಾನ್ ಕೇಳಿದರು, ಪರೀಕ್ಷಿಸಿ ನೋಡಿದೆ, ಬೇಡ ಎಂದೆ, ಇಂಥ ಕಾರಣಕ್ಕೆ. ನಾವು ಒಬ್ಬರ ಹಾಲು ವಾಪಸ್ ಕಳಿಸಿದರೂ ಕಾರಣ ಬರೆಯುತ್ತೇವೆ.’

ದನಿ ಏರಿಸಿರಲಿಲ್ಲ. ಪಕ್ಕದಲ್ಲಿ ಹುಡುಗಿ ಪೆನ್ನು ತೆಗೆದು ತನ್ನ ನೋಟ್‌ಬುಕ್ ಬಿಡಿಸಿಕೊಂಡು ಕೂತಳು. ಏನು ಬರೆಯುವುದಕ್ಕೆಂದು ಅವಳಿಗೇ ಗೊತ್ತಿರಲಿಲ್ಲವಂತೆ. ಡಾಕ್ಟರು ಹಾಳೆಯನ್ನು ಎರಡನೆಯ ಸಲ ಓದಿದರು. ‘ಪರೀಕ್ಷಿಸಿ ನೋಡಿದೆ’ ಎಂಬಲ್ಲಿ ಪೆನ್ನು ನಿಂತಿತೆಂದು ನನ್ನ ಊಹೆ. ಗಂಟೆ ಒತ್ತಿ ಡ್ಯೂಟಿ ಡಾಕ್ಟರನ್ನು ಕರೆಸಿದರು. ‘ಇವರನ್ನು ನೋಡಿ’ ಎಂದರು.

ಈ ಆಸ್ಪತ್ರೆಗೆ ನಾನು ಕೊಡುವ ನಕ್ಷತ್ರಗಳಲ್ಲಿ ಬೆಲೆಯುಳ್ಳವೆಲ್ಲ ಆ ಡ್ಯೂಟಿ ಡಾಕ್ಟರಿಗೆ ಸೇರಿದವು. ನನ್ನ ಮಗಳಿಗಿಂತ ಚಿಕ್ಕವರು. ಕ್ಯಾಲೆಂಡರುಗಳನ್ನು ನೆಲಕ್ಕಿಳಿಸಿ ಮಂಚದ ಮೇಲೆ ಮಲಗಿಸಿದರು, ಮಂಡಿ ಮಡಿಸಲು ಹೇಳಿದರು. ಮೊದಲು ಬರಿಗಣ್ಣಿನಲ್ಲಿ ನೋಡಿದರು. ಆಮೇಲೆ ಸ್ಟೆತಸ್ಕೋಪ್ ಇಟ್ಟು ಕಣ್ಣುಮುಚ್ಚಿ ಎಷ್ಟು ಹೊತ್ತು ಕೇಳಿಸಿಕೊಂಡರೆಂದರೆ, ಕೆಡುತ್ತಿರುವ ಮೋಟರಿನ ಸದ್ದನ್ನು ಮೆಕ್ಯಾನಿಕ್ ಕೇಳುವ ಹಾಗೆ. ಆಮೇಲೆ ಕೈ. ಗಾಯದ ಗೆರೆಯ ಉದ್ದಕ್ಕೂ ಬೆರಳು ಒತ್ತುತ್ತಾ ಬಂದು ಒಂದು ಕಡೆ ನಿಲ್ಲಿಸಿ, ‘ಇಲ್ಲೇ ಅಲ್ಲವೇ ಅಮ್ಮಾ ಹಿಂಡುವುದು?’ ಎಂದರು. ಅಲ್ಲೇ. ‘ನೋವು ಬಂದಾಗ ಸದ್ದು ಬರುತ್ತದೆಯೇ? ಗಾಳಿ ಹೋದರೆ ಕಮ್ಮಿಯಾಗುತ್ತದೆಯೇ?’ ನನಗೆ ಅಳು ಬಂತು. ನೋವಿಗಲ್ಲ.

ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಕರುಳಿನೊಳಗೆ ಗಾಳಿ ಮೇಲೆ, ನೀರು ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು. ಆ ಹುಡುಗಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಕೊಂಡು ಬಣ್ಣದ ಔಷಧ ಕೊಟ್ಟು ಸಿ.ಟಿ. ಸ್ಕ್ಯಾನ್. 7,500 ರೂಪಾಯಿ, ಎರಡು ಗಂಟೆಯಲ್ಲಿ ವರದಿ. ಸ್ಕ್ಯಾನ್ ವಿಭಾಗಕ್ಕೆ ನಾಲ್ಕು ನಕ್ಷತ್ರ, ಒಂದನ್ನು ಕಳೆದದ್ದು ಆ ಕೋಣೆಯ ಚಳಿಗೆ. ಹೊಟ್ಟೆಯಲ್ಲಿ ನೀರಿಲ್ಲ, ಹೊಸ ಗಡ್ಡೆ ಕಾಣುವುದಿಲ್ಲ. ಸಣ್ಣ ಕರುಳು ಒಂದು ಕಡೆ ಉಬ್ಬಿಕೊಂಡು ಗಾಯದ ಗೆರೆಯ ಹಿಂದೆ ಒಮ್ಮೆಲೇ ಕಿರಿದಾಗಿದೆ. ಸಿಎ-125 ಹದಿಮೂರು.

ಆಪರೇಷನ್ನಿನ ನಂತರ ಹೊಟ್ಟೆಯೊಳಗೆ ಗಾಯ ಮಾಯುವಾಗ ಎಳೆಗಳು ಕಟ್ಟಿಕೊಂಡು ಕರುಳು ಅಲ್ಲಲ್ಲಿ ಅಂಟಿಕೊಳ್ಳುತ್ತದಂತೆ. ವರ್ಷಗಳಾದ ಮೇಲೂ ಅದು ಕರುಳನ್ನು ಮಡಚಿ ದಾರಿ ಕಟ್ಟಬಹುದು. ಅರ್ಧ ಕಟ್ಟಿದ ಆ ಚರಂಡಿಗೆ ನಾನು ಎಂಟು ವಾರ ಸೊಪ್ಪು, ಅವರೆಕಾಳು, ಇಸಬ್ಗೋಲು ತುರುಕಿದ್ದೆ. ಕರುಳು ಕಟ್ಟಿದವರಿಗೆ ಇಸಬ್ಗೋಲು ಕೊಡಲೇಬಾರದು. ಕರುಳನ್ನು ಚುರುಕು ಮಾಡುವ ಮಾತ್ರೆಯೂ ಸಲ್ಲದು. ‘ಕ್ಯಾನ್ಸರ್ ಅಲ್ಲವಲ್ಲ, ನಾನು ಮೊದಲೇ ಹೇಳಿದ್ದೆನಲ್ಲ’ ಎಂದು ದೊಡ್ಡ ಡಾಕ್ಟರು ವಾರ್ಡಿಗೆ ಬಂದು ಅಂದರು. ಮೂಗಿನಲ್ಲಿ ನಳಿಕೆ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ. ಸಾರ್, ನೀವು ಹೇಳಿದ್ದು ಗ್ಯಾಸ್ ಎಂದು. ಅದೂ ಅಲ್ಲ. ನನ್ನ ಅಂದಾಜೂ ತಪ್ಪಿತ್ತು, ನಿಮ್ಮದೂ ತಪ್ಪಿತ್ತು. ಸರಿಯಾಗಿ ಹೇಳಿದ್ದು ಹೊಟ್ಟೆ ಒಂದೇ.

ನಾಲ್ಕು ದಿನ ಬಾಯಿಗೆ ಏನೂ ಇಲ್ಲ, ಸಲೈನ್, ನಳಿಕೆಯಲ್ಲಿ ಹಸಿರು ನೀರು. ಐದನೆಯ ದಿನ ಬೆಳಗಿನ ಜಾವ ಗಾಳಿ ಹೋಯಿತು. ನರ್ಸಮ್ಮ ಚಪ್ಪಾಳೆ ತಟ್ಟಿದರು. ಜನ್ಮದಲ್ಲಿ ಆ ಕೆಲಸಕ್ಕೆ ನನ್ನನ್ನು ಯಾರೂ ಹೊಗಳಿರಲಿಲ್ಲ. ಕತ್ತಿ ಹಾಕುವ ಅಗತ್ಯ ಬರಲಿಲ್ಲ. ಬಿಲ್ಲು ಸ್ಕ್ಯಾನ್ ಬಿಟ್ಟು 31,000. ಔಷಧದ ಅಂಗಡಿಯಲ್ಲಿ ಬಳಸದ ಸೂಜಿ, ಸಲೈನ್ ಬಾಟಲಿಗಳನ್ನು ವಾಪಸ್ ಪಡೆದು ಹಣ ಕೊಟ್ಟರು, ಇದಕ್ಕೆ ಅರ್ಧ ನಕ್ಷತ್ರ ಜಾಸ್ತಿ.

ಬಿಡುಗಡೆಯ ಮೂರನೆಯ ದಿನ ಸ್ಕ್ಯಾನಿನ ಸಿ.ಡಿ. ಹಿಡಿದು ಬೆಳಗಿನ ರೈಲಿಗೆ ಕಿದ್ವಾಯಿಗೆ ಹೋದೆ. ಕರುಳು ಕಟ್ಟುವುದಕ್ಕೆ ಮರುಕಳಿಸಿದ ಕ್ಯಾನ್ಸರೂ ಕಾರಣವಾಗಿರಬಹುದು, ರಕ್ತದ ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ, ಅವರು ಕಣ್ಣಾರೆ ನೋಡಿದರೆ ಒಳ್ಳೆಯದು ಎಂದು ಡ್ಯೂಟಿ ಡಾಕ್ಟರೇ ಪತ್ರ ಬರೆದುಕೊಟ್ಟಿದ್ದರು. ಅವರೂ ನೋಡಿ, ಸದ್ಯ ಏನೂ ಕಾಣುತ್ತಿಲ್ಲ ಎಂದರು. ಜೂನ್‌ನಲ್ಲಿ ಹೇಳಿದ ‘ತಕ್ಷಣ’ದ ಅರ್ಥವೇನೆಂದು ಬೈಸಿಕೊಂಡೆ. ನಾರಿನ ಪದಾರ್ಥ ಕಮ್ಮಿ, ಅಗಿದು ಅಗಿದು ತಿನ್ನಬೇಕು, ಮುದ್ದೆಯ ಬದಲು ಮೆತ್ತಗಿನ ಅನ್ನ, ಹಲಸು ಬೇಡ, ಕೊಬ್ಬರಿ ಬೇಡ. ತಿಪಟೂರಿನವಳಿಗೆ ಕೊಬ್ಬರಿ ಬೇಡ!

ಲೆಕ್ಕ ಕೂಡಿಸಿದರೆ: ನೆಲ, ಕೌಂಟರು, ನರ್ಸುಗಳು, ಸ್ಕ್ಯಾನ್, ಔಷಧದ ಅಂಗಡಿ ಎಲ್ಲ ಸೇರಿ ನಾಲ್ಕರ ಮೇಲೆ. ಡ್ಯೂಟಿ ಡಾಕ್ಟರಿಗೆ ಐದು, ಇನ್ನೂ ಇದ್ದರೆ ಇನ್ನೂ. ದೊಡ್ಡ ಡಾಕ್ಟರಿಗೆ ಒಂದೇ ಕೊಡಬೇಕೆಂದಿದ್ದೆ. ಎರಡಾದದ್ದು ಅಕ್ಟೋಬರಿನಲ್ಲಿ, ದಸರೆಯ ಹಿಂದಿನ ವಾರ ತೋರಿಸಿಕೊಳ್ಳಲು ಹೋದಾಗ. ಕುರ್ಚಿಯಲ್ಲಿ ಕೂರುವ ಮುಂಚೆಯೇ ‘ಮಂಚದ ಮೇಲೆ ಮಲಗಿ ಅಮ್ಮಾ’ ಎಂದರು. ಕ್ಯಾಲೆಂಡರುಗಳು ಇರಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟರು.

‘ಕೈ ತಣ್ಣಗಿದೆ ಸಾರ್’ ಎಂದೆ.

ಎರಡೂ ಅಂಗೈ ಉಜ್ಜಿಕೊಂಡು ಮತ್ತೆ ಇಟ್ಟರು. ಆವತ್ತಿನ ಫೀಸು 600, ಬಿಡಲಿಲ್ಲ.